ಅರವತ್ತೆರಡು ಜೊತೆ ಕಿವಿ

ಜೂನ್ ೬

ಅಪ್ಪನಿಗೆ ನಮಸ್ಕಾರ.

ಕಾರ್ಖಾನೆಗೆ ಬಂದು ಇಂದಿಗೆ ಮೂರು ವಾರ. ಆಸ್ಪತ್ರೆಯ ವಾರ್ಡಿನಲ್ಲಿ ನಾಲ್ಕು ವರ್ಷ ಓಡಿದ ಕಾಲುಗಳಿಗೆ ಇಲ್ಲಿ ಏನು ಮಾಡಬೇಕೆಂದೇ ತೋಚುತ್ತಿಲ್ಲ. ಅಲ್ಲಿ ರೋಗಿಗಳು ಮಲಗಿರುತ್ತಿದ್ದರು, ನಾನು ಓಡುತ್ತಿದ್ದೆ. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ, ಯಾರಾದರೂ ಬರಲಿ ಎಂದು ನಾನು ಬಾಗಿಲು ನೋಡುತ್ತಾ ಕೂರುತ್ತೇನೆ. ಕ್ಯಾಂಟೀನಿನ ಪಕ್ಕ ಎರಡು ಕೋಣೆ ಕೊಟ್ಟಿದ್ದಾರೆ. ಒಂದರಲ್ಲಿ ಮೇಜು, ತೂಕದ ಯಂತ್ರ, ಕಣ್ಣಿನ ಅಕ್ಷರಗಳ ಬೋರ್ಡು, ಮಂಚ. ಇನ್ನೊಂದರಲ್ಲಿ ಕಿವಿ ಪರೀಕ್ಷೆ ಮಾಡುವ ಸಣ್ಣ ಗೂಡು. ಅದಕ್ಕೆ ಗಾಜಿನ ಕಿಟಕಿ, ಒಳಗೊಂದು ಕುರ್ಚಿ. ಯಾರೂ ಬಳಸದೆ ಮೂರು ವರ್ಷವಾಗಿತ್ತಂತೆ. ಒಳಗೆ ಪೊರಕೆಗಳನ್ನು ಇಟ್ಟಿದ್ದರು.

ಮೊದಲ ದಿನ ಬಂದವರು ಪ್ಯಾಕಿಂಗಿನವರೊಬ್ಬರು. "ಏನಾಗ್ತಿದೆ?" ಎಂದು ಕೇಳಿದೆ. "ಏನೂ ಇಲ್ಲ ಸಿಸ್ಟರ್, ಇಲ್ಲಿ ಫ್ಯಾನ್ ಜೋರಾಗಿ ತಿರುಗುತ್ತೆ ಅಂದ್ರು" ಎಂದು ಮಂಚದ ಮೇಲೆ ಕೂತೇಬಿಟ್ಟರು! ಹಾಗೆ ಕೂತವರ ರಕ್ತದೊತ್ತಡ ನೋಡಿದರೆ ನೂರಾ ಎಂಬತ್ತು. ಅವರಿಗೆ ಗೊತ್ತೇ ಇರಲಿಲ್ಲ. ಈಗ ನಾನು ಎಲ್ಲರಿಗೂ ಫ್ಯಾನಿನ ಆಸೆ ತೋರಿಸಿಯೇ ಕರೆಯುತ್ತಿದ್ದೇನೆ. ಎಣ್ಣೆ ಮೆತ್ತಿದ ಕೈಯನ್ನು ಥಿನ್ನರಿನಲ್ಲಿ ತೊಳೆಯುವವರನ್ನು ಹಿಡಿದು ಬೈಯುತ್ತೇನೆ. ಸೊಂಟ ಬಗ್ಗಿಸಿ ಭಾರ ಎತ್ತುವವರ ಮುಂದೆ ನಾನೇ ಮಂಡಿ ಮಡಿಸಿ ಕೂತು, ಖಾಲಿ ಪೆಟ್ಟಿಗೆ ಎತ್ತಿ ತೋರಿಸುತ್ತೇನೆ. ನಗುತ್ತಾರೆ, ನಗಲಿ. ಈ ಕೆಲಸ ನನಗೆ ಹಿಡಿಸಿದೆ ಅಪ್ಪ.

ನಿಮಗೆ ಹಿಡಿಸಿಲ್ಲ ಎಂಬುದು ಹೋದ ಭಾನುವಾರ ಗೊತ್ತಾಯಿತು. ದೊಡ್ಡಾಸ್ಪತ್ರೆ ಬಿಟ್ಟು ಕಾರ್ಖಾನೆಗೆ ಬಂದದ್ದು ನಿಮಗೆ ಬೇಜಾರಾ ಎಂದು ಫೋನಿನಲ್ಲಿ ಕೇಳಿದೆ. "ಹೌದು ಹೌದು" ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟಿರಿ. ಇರಲಿ. ಮತ್ತೆ ಆ ಮಾತು ಎತ್ತುವುದಿಲ್ಲ.

ನಿಮ್ಮ
ಚೂಟಿ


ಜೂನ್ ೧೪

ಚೂಟಿಗೆ,

ಯಾರಮ್ಮಾ ಹೇಳಿದ್ದು ಬೇಜಾರು ಅಂತ? ನನಗೆ ಬೇಜಾರೂ ಇಲ್ಲ, ಗೀಜಾರೂ ಇಲ್ಲ. ಅವತ್ತು ಲೈನು ಸರಿ ಇರಲಿಲ್ಲ, ಬರೀ ಕರಕರ ಸದ್ದು. ಅದಕ್ಕೇ ಹೇಳುವುದು, ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದವಾದರೆ ಎರಡು ಸಲ ಓದಬಹುದು. ನೀನು ಕಾಗದವನ್ನೇ ಬರೆ. ನಿನ್ನ ಅಕ್ಷರ ಮಾತ್ರ ಡಾಕ್ಟರುಗಳ ಜೊತೆ ಇದ್ದು ಇದ್ದು ಕೆಟ್ಟುಹೋಗಿದೆ. "ಪೊರಕೆ" ಎಂದು ಬರೆದದ್ದನ್ನು ನಿಮ್ಮಮ್ಮ "ಮೊರಕೆ" ಎಂದು ಓದಿ, ಅದೇನು ಹೊಸ ಯಂತ್ರ ಎಂದು ಕೇಳಿದಳು.

ನಮ್ಮ ಮಿಲ್ಲಿನಲ್ಲಿ ಎಲ್ಲ ಎಂದಿನಂತೆ. ನಾನೂರು ಮಗ್ಗ ಒಟ್ಟಿಗೆ ಓಡುವಾಗ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುವುದಿಲ್ಲ, ನಿನಗೆ ಗೊತ್ತೇ ಇದೆ. ನಮ್ಮದೆಲ್ಲ ತುಟಿಯ ಮೇಲಿನ ಮಾತು. ನಿನ್ನೆ ನಾನೂ ಫಿಟ್ಟರೂ ಶೆಡ್ಡಿನ ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ನಿಂತು ಭರ್ಜರಿ ಜಗಳ ಆಡಿ, ಊಟದ ಹೊತ್ತಿಗೆ ರಾಜಿಯಾದೆವು. ಒಂದಕ್ಷರ ಗಂಟಲಿನಿಂದ ಹೊರಗೆ ಬರಲಿಲ್ಲ. ಮಗ್ಗದ ಮೇಸ್ತ್ರಿ ಎನ್ನಿಸಿಕೊಂಡವನು ಇಷ್ಟಾದರೂ ಕಲಿಯದಿದ್ದರೆ ಹೇಗೆ?

ಮೈ ಕಡೆ ನೋಡಿಕೋ. ಬೇರೆಯವರ ಒತ್ತಡ ನೋಡುತ್ತಾ ನಿನ್ನದನ್ನು ಏರಿಸಿಕೊಳ್ಳಬೇಡ.

ಅಪ್ಪ

(ಅಮ್ಮ ಬರೆದದ್ದು: ಚೂಟಿ, ನಿಮ್ಮಪ್ಪ ವಾರ್ತೆ ಹಾಕಿದ್ರೆ ಎದುರುಮನೆಯವರು ಅವರ ಟೀವಿ ಆರಿಸಿ ನಮ್ಮದನ್ನೇ ಕೇಳ್ತಾರೆ. ಒಂದು ಟೀವೀಲಿ ಇಡೀ ಬೀದಿ ನಡೀತಿದೆ. ನಾನು ಹೇಳೋದು ಇಷ್ಟೇ. ಉಳಿದದ್ದು ನೀನೇ ತಿಳ್ಕೋ.)


ಜೂನ್ ೨೮

ಅಪ್ಪನಿಗೆ,

ಇವತ್ತು ನನಗೆ ಕುಣಿಯುವಷ್ಟು ಖುಷಿ. ಪ್ರೆಸ್ ವಿಭಾಗದವರ ಕಿವಿ ಪರೀಕ್ಷೆ ಮುಗಿಯಿತು. ಸ್ಟೀಲಿನ ಹಾಳೆಯನ್ನು ಗುದ್ದಿ ಗುದ್ದಿ ತಟ್ಟೆ, ಮುಚ್ಚಳ ಮಾಡುವ ವಿಭಾಗ ಅದು. ಬಾಗಿಲು ದಾಟಿದರೆ ಎದೆಯೇ ನಡುಗುತ್ತದೆ. ಅರ್ಧ ಜನರಿಗಾದರೂ ಕಿವಿ ಮಂದವಾಗಿರುತ್ತದೆ ಎಂದುಕೊಂಡಿದ್ದೆ. ಅರವತ್ತೆರಡು ಜನ, ಅರವತ್ತೆರಡು ಜನರದ್ದೂ ಚೊಕ್ಕ ಕಿವಿ! ತೀರಾ ಸಣ್ಣ ದನಿ ಕಳಿಸಿದರೂ ಥಟ್ಟನೆ ಬೆರಳು ಎತ್ತುತ್ತಿದ್ದರು.

ನನ್ನ ಕೆಲಸ ಹೀಗೆ: ಅವರು ಗೂಡಿನೊಳಗೆ ಹೆಡ್‌ಫೋನ್ ಹಾಕಿ ಕೂರುತ್ತಾರೆ. ಗಾಜಿನ ಈಚೆ ಅವರಿಗೆ ಎದುರಾಗಿ ಯಂತ್ರ ಇಟ್ಟುಕೊಂಡು ನಾನು. ಗುಂಡಿ ಒತ್ತಿದರೆ ಕಿವಿಯಲ್ಲಿ "ಟೂ" ಎನ್ನುತ್ತದೆ. ಕೇಳಿದರೆ ಬೆರಳು ಎತ್ತಬೇಕು. ಎಷ್ಟು ಶ್ರದ್ಧೆ ಎನ್ನುತ್ತೀರಿ! ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಾರೆ.

ಅವರಲ್ಲಿ ಒಬ್ಬರನ್ನು ಎಲ್ಲರೂ ಗುಡುಗಪ್ಪ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ದೊಡ್ಡ ಪ್ರೆಸ್ಸಿನ ಮೇಲಿರುವವರು. "ನಮಸ್ಕಾರ ಸಿಸ್ಟರ್" ಎಂದರೆ ಕ್ಯಾಂಟೀನಿನಲ್ಲಿ ಇದ್ದವರೂ ತಿರುಗಿ ನಮಸ್ಕಾರ ಅನ್ನುತ್ತಾರೆ. ಅವರದ್ದೇ ಎಲ್ಲರಿಗಿಂತ ಒಳ್ಳೆಯ ಫಲಿತಾಂಶ. ವರದಿ ನೋಡಿ ಮ್ಯಾನೇಜರು ನನ್ನನ್ನು ಕರೆಸಿ, "ಇಂಥಾ ಚುರುಕು ನರ್ಸು ನಮಗೆ ಬೇಕಿತ್ತು" ಎಂದರು. ಮೂರು ತಿಂಗಳು ನೋಡಿ ಕೆಲಸ ಖಾಯಂ ಮಾಡುತ್ತಾರಂತೆ.

ಭಾನುವಾರ ಫೋನ್ ಮಾಡಿದಾಗ ನೀವು ಸ್ನಾನಕ್ಕೆ ಹೋಗಿದ್ದಿರಿ ಎಂದಳು ಅಮ್ಮ. ಹೋದ ವಾರವೂ ಸ್ನಾನ, ಅದರ ಹಿಂದಿನ ವಾರವೂ ಸ್ನಾನ. ಇಷ್ಟು ಚೊಕ್ಕಟ ಯಾವಾಗಿನಿಂದ ಅಪ್ಪ?

ಚೂಟಿ


ಜುಲೈ ೫

ಚೂಟಿಗೆ,

ಕಾಗದ ಬಂತು. ಒಳ್ಳೆಯದು. ಮ್ಯಾನೇಜರು ಮೆಚ್ಚಿಕೊಂಡದ್ದು ತಿಳಿದು ನಿಮ್ಮಮ್ಮ ಅಕ್ಕಪಕ್ಕದ ಮೂರು ಮನೆಗೆ ಹೇಳಿ ಬಂದಳು.

ಒಂದು ಮಾತು. ಆ ಅರವತ್ತೆರಡು ಜನರೂ ನಿನ್ನ ಮುಖಕ್ಕೆ ಎದುರಾಗಿಯೇ ಕೂತಿದ್ದರೇ? ಒಬ್ಬರೂ ಪಕ್ಕಕ್ಕೆ ತಿರುಗಿ ಕೂರಲಿಲ್ಲವೇ? ಸುಮ್ಮನೆ ಕೇಳಿದೆ.

ಅಪ್ಪ


ಜುಲೈ ೧೨

ಅಪ್ಪನಿಗೆ,

ಶಹಬ್ಬಾಸ್ ಅನ್ನುತ್ತೀರಿ ಎಂದು ಗೇಟಿನಲ್ಲೇ ನಿಂತು ಕಾಗದ ಬಿಚ್ಚಿದೆ. ಸಿಕ್ಕಿದ್ದು ಮೂರು ಸಾಲು, ಅದರಲ್ಲಿ ಎರಡು ಅನುಮಾನ. ಎದುರಾಗಿಯೇ ಕೂತಿದ್ದರು. ಅದರಲ್ಲೇನಿದೆ? ಕೆಲಸ ಬಲ್ಲವಳಿಗೆ ಕುರ್ಚಿ ಎಲ್ಲಿಡಬೇಕು ಎನ್ನುವುದೂ ಗೊತ್ತಿರುವುದಿಲ್ಲವೇ? ವಾರ್ಡಿನಲ್ಲಿ ನಾನು ಮಾಡಿದ ಕೆಲಸವನ್ನು ನೀವು ಒಂದು ದಿನವೂ ಹೀಗೆ ಕೆದಕಿ ಕೇಳಿರಲಿಲ್ಲ. ಕಾರ್ಖಾನೆ ಎಂದರೆ ಮಾತ್ರ ಸದರ.

ನಿಮಗೆ ಇಷ್ಟವಿರಲಿ ಬಿಡಲಿ, ಇಲ್ಲಿ ನನ್ನ ಮಾತಿಗೆ ಬೆಲೆ ಇದೆ. ಪ್ರೆಸ್ಸುಗಳ ಕೆಳಗೆ ದಪ್ಪ ರಬ್ಬರು ಹಾಕಿಸಬೇಕು, ಎಲ್ಲರಿಗೂ ಕಿವಿ ಮುಚ್ಚುವ ಕವಚ ತರಿಸಬೇಕು ಎಂದು ಹಿಂದೆಯೇ ತೀರ್ಮಾನ ಆಗಿತ್ತಂತೆ. ನನ್ನ ವರದಿ ನೋಡಿ ಮ್ಯಾನೇಜರು, "ಇಷ್ಟು ವರ್ಷ ಯಾರ ಕಿವಿಗೂ ಏನೂ ಆಗಿಲ್ಲ ಅಂದ್ಮೇಲೆ ಯಾಕೆ?" ಎಂದು ಎರಡನ್ನೂ ನಿಲ್ಲಿಸಿದ್ದಾರೆ. ನನ್ನ ಒಂದು ಕಾಗದಕ್ಕೆ ಅಷ್ಟು ತೂಕ ಇದೆ ಎಂದು ತಿಳಿಯಲಿ ಎಂದೇ ಬರೆದೆ.

ಅಮ್ಮನಿಗೆ ನಮಸ್ಕಾರ ಹೇಳಿ.


ಜುಲೈ ೧೭

ಚೂಟಿ,

ಇದನ್ನು ಶೀಘ್ರ ಅಂಚೆಯಲ್ಲಿ ಹಾಕುತ್ತಿದ್ದೇನೆ. ಕೂತು ಓದು. ಮಧ್ಯದಲ್ಲಿ ಕೋಪ ಬಂದರೆ ನೀರು ಕುಡಿದು ಮತ್ತೆ ಓದು.

ನಿನ್ನ ಅರವತ್ತೆರಡು ಜನ ಬೆರಳು ಎತ್ತಿದ್ದು ಕಿವಿಗೆ ಕೇಳಿಸಿಕೊಂಡಲ್ಲ. ನಿನ್ನ ಹುಬ್ಬು ನೋಡಿ. ನೀನು ಏನು ಮಾಡಿದರೂ ಮೊದಲು ನಿನ್ನ ಬಲ ಹುಬ್ಬು ಏಳುತ್ತದೆ. ಸಣ್ಣವಳಿದ್ದಾಗ ಇಸ್ಪೀಟಿನಲ್ಲಿ ರಾಜ ಬಂದರೆ ಹುಬ್ಬು ಎದ್ದು ನಿಲ್ಲುತ್ತಿತ್ತು, ನಾನು ಬೇಕೆಂದೇ ಸೋಲುತ್ತಿದ್ದೆ. ನೀನು ಗುಂಡಿ ಒತ್ತಿದಾಗಲೆಲ್ಲ ಅದು ಎದ್ದೇ ಎದ್ದಿರುತ್ತದೆ. ಸದ್ದಿನಲ್ಲಿ ಕೆಲಸ ಮಾಡುವವರು ಮುಖ ಓದುವುದರಲ್ಲಿ ಪಳಗಿರುತ್ತಾರೆ ಮಗಳೇ. ಒಬ್ಬ ಕಂಡುಹಿಡಿದರೆ ಸಾಕು, ಟೀ ಕುಡಿಯುವಷ್ಟರಲ್ಲಿ ಅರವತ್ತೆರಡು ಜನರಿಗೂ ಗೊತ್ತು. ಮೋಸ ಮಾಡಬೇಕು ಎಂದಲ್ಲ. ಕಿವಿ ಕೆಟ್ಟಿದೆ ಎಂದು ಬರೆದರೆ ಎಲ್ಲಿ ಯಂತ್ರದಿಂದ ಎಬ್ಬಿಸಿ ಮೂಲೆಗೆ ಕೂರಿಸುತ್ತಾರೋ ಎಂಬ ಭಯ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯಲ್ಲವೇ? ನಾನೂ ಅದನ್ನೇ ಮಾಡುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ.

ನಮ್ಮ ಮಿಲ್ಲಿನ ಸಿಸ್ಟರಮ್ಮ ಗುಂಡಿ ಒತ್ತುವ ಮುಂಚೆ ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ನಾನು ತುಟಿ ನೋಡಿ ಬೆರಳು ಎತ್ತುತ್ತೇನೆ. ಪ್ರತಿ ವರ್ಷವೂ "ಮೇಸ್ತ್ರಿಗಳೇ, ನಿಮ್ಮ ಕಿವಿ ಹದಿನೆಂಟರ ಹುಡುಗನ ಕಿವಿ" ಎಂದು ಹೊಗಳುತ್ತಾರೆ. ಆ ಹೊಗಳಿಕೆಯನ್ನೂ ತುಟಿ ನೋಡಿಯೇ ತಿಳಿದುಕೊಂಡಿದ್ದೇನೆ.

ಎದುರಿಗೆ ಕೂತವರ ಮಾತು ನನಗೆ ಒಂದೂ ತಪ್ಪುವುದಿಲ್ಲ. ನೀನು ರಜೆಗೆ ಬಂದಾಗಲೂ ನಿನಗೆ ಅನುಮಾನ ಬರಲಿಲ್ಲ. ಆದರೆ ಫೋನಿಗೆ ತುಟಿ ಇಲ್ಲ, ಇಷ್ಟು ವರ್ಷ ಅದನ್ನು ನಿಮ್ಮಮ್ಮನಿಗೇ ಬಿಟ್ಟಿದ್ದೆ. ಅದಕ್ಕೇ ಲೈನು ಸರಿ ಇಲ್ಲ, ಅದಕ್ಕೇ ನನಗೆ ವಾರ ವಾರ ಸ್ನಾನ. ಅವತ್ತು ನೀನು ಕೇಳಿದ್ದರಲ್ಲಿ ನನಗೆ ಒಂದು ಪದವೂ ಕೇಳಲಿಲ್ಲ. ಹೌದು ಎಂದರೆ ಯಾವುದಕ್ಕಾದರೂ ಸರಿಹೋಗುತ್ತದೆ ಎಂದುಕೊಂಡು ಹೌದು ಹೌದು ಎಂದೆ. ನೀನು ಕಾಗದದಲ್ಲಿ ಬರೆದ ಮೇಲೆ ನಾನು ಯಾವುದಕ್ಕೆ ಹೌದು ಎಂದದ್ದು ಎಂದು ಗೊತ್ತಾಗಿ, ಎರಡು ದಿನ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲು ನಾಚಿಕೆ. ಕಿವಿ ನೋಡುವವಳ ಅಪ್ಪನೇ ಕಿವುಡ ಎಂದು ಹೇಗೆ ಹೇಳಲಿ?

ಈಗ ನಾನು ಮುಚ್ಚಿಟ್ಟರೆ ಆ ಅರವತ್ತೆರಡು ಜನರಿಗೆ ಕವಚವೂ ಇಲ್ಲ, ರಬ್ಬರೂ ಇಲ್ಲ. ಕುರ್ಚಿಯನ್ನು ಗೋಡೆಗೆ ತಿರುಗಿಸಿ ಹಾಕು. ಇನ್ನೊಮ್ಮೆ ನೋಡು.

ಅಪ್ಪ


ಜುಲೈ ೨೬

ಅಪ್ಪ,

ನೀರು ಕುಡಿದೆ. ಮೂರು ಲೋಟ.

ಮೊದಲು ನಂಬಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಜೊತೆ ಇರುವ ಟೀಚರಿಗೆ ಎದುರಾಗಿ ಕೂತು, ಮೇಜಿನ ಕೆಳಗೆ ಪೆನ್ನಿನ ಗುಂಡಿ ಒತ್ತುತ್ತಾ ಹೋದೆ. "ನಾನು ಒತ್ತಿದಾಗ ಬೆರಳು ಎತ್ತಿ" ಎಂದೆ. ಇಪ್ಪತ್ತಕ್ಕೆ ಇಪ್ಪತ್ತು ಸರಿ. "ನಿಮ್ಮ ಹುಬ್ಬಿಗೆ ಏನಾಗಿದೆ ರೀ?" ಎಂದು ಅವರೇ ಕೇಳಿದರು.

ಮಾರನೆಯ ದಿನ ಗುಡುಗಪ್ಪನವರನ್ನು ಕರೆದೆ. ಕುರ್ಚಿ ಗೋಡೆಗೆ ತಿರುಗಿಸಿದ್ದೆ. ಅದನ್ನು ನೋಡಿದ ಕೂಡಲೇ ಅವರ ಮುಖ ಸಪ್ಪಗಾಯಿತು, ಆದರೂ ಕೂತರು. ನಾನು ಸಣ್ಣ ದನಿಯಿಂದ ಶುರುಮಾಡಿ ಏರಿಸುತ್ತಾ ಹೋದೆ. ಬೆರಳು ಏಳಲಿಲ್ಲ. ಇನ್ನೂ ಏರಿಸಿದೆ. ಐದು ನಿಮಿಷವಾದ ಮೇಲೆ ಅವರು ತಿರುಗಿ, "ಯಾಕೆ ಸಿಸ್ಟರ್, ಶುರು ಮಾಡಲ್ವಾ?" ಎಂದರು. ಆ ಹೊತ್ತಿಗೆ ಹೆಡ್‌ಫೋನಿನ ಸದ್ದು ಗೂಡಿನ ಹೊರಗೆ ನನಗೆ ಕೇಳುತ್ತಿತ್ತು ಅಪ್ಪ. ನಾನು ಅಳಲಿಲ್ಲ. ಅವರು ಹೋದ ಮೇಲೆ ಅತ್ತೆ.

ನಾಲ್ಕೇ ದಿನದಲ್ಲಿ ಎಲ್ಲರನ್ನೂ ಮತ್ತೆ ನೋಡಿದೆ. ಅರವತ್ತೆರಡರಲ್ಲಿ ಮೂವತ್ತೇಳು ಜನರಿಗೆ ಕಿವಿ ಮಂದ. ಮ್ಯಾನೇಜರ ಮುಂದೆ ಎರಡೂ ವರದಿ ಇಟ್ಟು, "ಮೊದಲನೆಯದು ತಪ್ಪು. ತಪ್ಪು ಅವರದ್ದಲ್ಲ, ನನ್ನ ಕುರ್ಚಿಯದ್ದು" ಎಂದೆ. ಅವರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಒಂದು ತಿಂಗಳಲ್ಲಿ ಮೂವತ್ತೇಳು ಜನ ಕಿವುಡರಾದ್ರಾ? ನಾಳೆ ಇನ್ನೊಂದು ವರದಿ ತರಲ್ಲ ಅಂತ ಏನು ಗ್ಯಾರಂಟಿ?" ಎಂದರು. ವಾರಕ್ಕೊಮ್ಮೆ ಬರುವ ಡಾಕ್ಟರು ಬಂದು ಅವರೂ ಹತ್ತು ಜನರನ್ನು ನೋಡಿದರು. ನನ್ನದೇ ಸರಿ ಎಂದರು. ಕವಚ, ರಬ್ಬರು ಎರಡಕ್ಕೂ ಮತ್ತೆ ಸಹಿ ಬಿದ್ದಿದೆ! ಯಾರನ್ನೂ ಯಂತ್ರದಿಂದ ಎಬ್ಬಿಸುವುದಿಲ್ಲ, ಎರಡೆರಡು ಗಂಟೆಗೆ ಜಾಗ ಬದಲಿಸಿಕೊಂಡು ಕೆಲಸ ಮಾಡಲಿ ಎಂದೂ ಬರೆಸಿಕೊಂಡೆ. ನನ್ನ ಖಾಯಂ ವಿಷಯ ಮಾತ್ರ ಯಾರೂ ಎತ್ತುತ್ತಿಲ್ಲ. ಎತ್ತದಿದ್ದರೂ ಪರವಾಗಿಲ್ಲ.

ಈಗ ನಿಮ್ಮ ವಿಷಯ. ಒಂದೂವರೆ ತಿಂಗಳು ನನ್ನ ಮೇಲೆ ನಿಮಗೆ ಬೇಜಾರು ಎಂದುಕೊಂಡು ಒಳಗೊಳಗೇ ಸೊರಗಿದೆನಲ್ಲ, ಅದಕ್ಕೆ ದಂಡ ಹಾಕುತ್ತಿದ್ದೇನೆ. ನಿಮ್ಮ ಸಿಸ್ಟರಮ್ಮನ ಹತ್ತಿರ ಹೋಗಿ ಕುರ್ಚಿ ತಿರುಗಿಸಿ ಕೂರಿ. ನಾನೂ ಒಬ್ಬಳು ನರ್ಸು, ಅಪ್ಪನ ಕಿವಿ ಗೊತ್ತಾಗದ ನರ್ಸು. ನನ್ನ ಮಾನ ಉಳಿಸಿ.

ಚೂಟಿ


ಆಗಸ್ಟ್ ೩

ಚೂಟಿಗೆ,

ನಿನ್ನ ಕಾಗದವನ್ನು ಫಿಟ್ಟರಿಗೂ ಓದಿ ಹೇಳಿದೆ. ಹೆಮ್ಮೆಯಾಯಿತು. ಸುಮ್ಮನೆ ಹೇಳುವ ಮಾತಲ್ಲ. ನನಗೆ ಬೇಜಾರು ಹೇಗಾದೀತು ಚೂಟಿ? ಮೂವತ್ತನಾಲ್ಕು ವರ್ಷದ ಹಿಂದೆ ನಮ್ಮ ಶೆಡ್ಡಿನ ಬಾಗಿಲಲ್ಲಿ ನಿನ್ನಂಥವಳೊಬ್ಬಳು ನಿಂತು, "ಕಿವಿ ಮುಚ್ಚಿಕೊಳ್ಳದೆ ಒಳಗೆ ಹೋಗಬೇಡಿ" ಎಂದು ಗದರಿದ್ದರೆ ನಾನು ಇವತ್ತು ಸ್ನಾನದ ಸುಳ್ಳು ಹೇಳಬೇಕಿರಲಿಲ್ಲ. ತಪ್ಪನ್ನು ನಿನ್ನ ತಲೆಯ ಮೇಲೆ ಹಾಕಿಕೊಂಡೆಯಲ್ಲ, ಆ ಸಾಲನ್ನು ಎರಡು ಸಲ ಓದಿದೆ.

ಆದರೆ ದಂಡದ ವಿಷಯ ಬೇಡ. ನನಗೆ ಇನ್ನು ಎಂಟು ತಿಂಗಳ ಸರ್ವೀಸು. ಮಗ್ಗದ ಸದ್ದು ಕೇಳಿ ಯಾವ ಮಗ್ಗದಲ್ಲಿ ನೂಲಿನ ಲಾಳಿ ತಪ್ಪುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ನಾನು. ಈಗ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಡುಕದಲ್ಲಿ ತಿಳಿದುಕೊಳ್ಳುತ್ತೇನೆ. ಇವತ್ತಿಗೂ ಒಂದು ರಿಪೇರಿ ತಪ್ಪಿಲ್ಲ. ಕಿವಿ ಇಲ್ಲ ಎಂದು ಕಾಗದದ ಮೇಲೆ ಬಂದರೆ ಬಟ್ಟೆ ಮಡಿಸುವ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಸ್ಟೂಲಿನ ಮೇಲೆ ಕೂತು ಎಂಟು ತಿಂಗಳು ಅಂಚು ಜೋಡಿಸುವುದು ನನ್ನಿಂದಾಗದು. ನಿನ್ನ ಕೆಲಸಗಾರರು ಬೇರೆ, ನಾನು ಬೇರೆ.

ಅಪ್ಪ

(ಅಮ್ಮ ಬರೆದದ್ದು: ಬಿಡಬೇಡ ಅವರನ್ನ. ನಾನು ಹಿಂದಿನಿಂದ ಕೂಗಿ ಕೂಗಿ ಸಾಕಾಗಿ ಈಗ ಭುಜ ತಟ್ಟಿಯೇ ಮಾತಾಡೋದು. ಸಂಸಾರ ಅಂದ್ರೆ ತಬಲಾ ಬಾರಿಸಿದ ಹಾಗಾಗಿದೆ.)


ಆಗಸ್ಟ್ ೧೧

ಅಪ್ಪನಿಗೆ,

"ನಾನು ಬೇರೆ" ಎಂಬ ಮಾತನ್ನು ಈ ತಿಂಗಳಲ್ಲಿ ನಾನು ಮೂವತ್ತೇಳು ಸಲ ಕೇಳಿದ್ದೇನೆ. ನೀವು ಮೂವತ್ತೆಂಟನೆಯವರು.

ಡಾಕ್ಟರು ಹೇಳಿದರೂ ಇಲ್ಲಿ ಯಾರೂ ಕಿವಿ ಮಿಷನ್ ಹಾಕಿಕೊಳ್ಳಲು ಒಪ್ಪುತ್ತಿಲ್ಲ. ಯಾರನ್ನೂ ಎಬ್ಬಿಸುವುದಿಲ್ಲ ಎಂಬ ಕಾಗದವನ್ನು ಗೋಡೆಗೆ ಅಂಟಿಸಿದರೂ ನಂಬಿಕೆ ಇಲ್ಲ. ಮೊನ್ನೆ ಗುಡುಗಪ್ಪ ಎಲ್ಲರ ಮುಂದೆ ಕೇಳಿದರು: "ಸಿಸ್ಟರ್, ನಿಮ್ಮ ಸ್ವಂತ ಅಪ್ಪನಾಗಿದ್ರೆ ಹೀಗೆ ಗೋಡೆಗೆ ತಿರುಗಿಸಿ ಕೂರಿಸ್ತಿದ್ರಾ?"

ನಿಮ್ಮನ್ನು ಕೇಳದೆ ಹೇಳಿಬಿಟ್ಟೆ, ತಪ್ಪಾಗಿದ್ದರೆ ಬೈಯಿರಿ. "ನಮ್ಮಪ್ಪನೂ ನಿಮ್ಮ ಹಾಗೇ. ಹುಬ್ಬಿನ ಗುಟ್ಟು ಹೇಳಿಕೊಟ್ಟಿದ್ದೇ ಅವರು. ಕುರ್ಚಿ ತಿರುಗಿಸಿ ಅಂತ ಕಾಗದ ಬರೆದಿದ್ದೇನೆ" ಎಂದೆ. ಆಮೇಲೆ ಒಬ್ಬರು, "ಅಂದ್ರೆ ನಮ್ಮ ಗುಟ್ಟು ಬಿಟ್ಟುಕೊಟ್ಟಿದ್ದು ನಿಮ್ಮಪ್ಪನಾ?" ಎಂದರು. ನಗೆಯೋ ನಗೆ!

ಅವತ್ತಿನಿಂದ ದಿನಾ ಬೆಳಿಗ್ಗೆ ಗೇಟಿನಲ್ಲಿ ನನಗೆ ಇದೇ ಪ್ರಶ್ನೆ. "ಅಪ್ಪ ತಿರುಗಿದ್ರಾ?" ಸೆಕ್ಯೂರಿಟಿಯವರೂ ಕೇಳುತ್ತಾರೆ. ಗುಡುಗಪ್ಪನವರ ಷರತ್ತು ಹೀಗಿದೆ: "ನಿಮ್ಮಪ್ಪ ಯಾವತ್ತು ಗೋಡೆಗೆ ಮುಖ ಮಾಡ್ತಾರೋ ಅವತ್ತೇ ನಾನೂ ಮಿಷನ್ ಹಾಕ್ಕೋತೀನಿ. ಅಲ್ಲೀವರೆಗೂ ನನ್ನ ತಂಟೆಗೆ ಬರಬೇಡಿ." ಅವರು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ. ನಿಮಗೆ ಗೊತ್ತಿಲ್ಲದ ಮೂವತ್ತೇಳು ಜನ ನಿಮ್ಮ ಬೆನ್ನನ್ನೇ ನೋಡುತ್ತಾ ಕೂತಿದ್ದಾರೆ. ಮುಂದಿನದು ನಿಮಗೆ ಬಿಟ್ಟದ್ದು.

ಚೂಟಿ


ಆಗಸ್ಟ್ ೨೩

ಚೂಟಿಗೆ,

ತಿರುಗಿದೆ. ಗೇಟಿನಲ್ಲಿ ಹೇಳು.

ಸೋಮವಾರ ಬೆಳಿಗ್ಗೆ ಸಿಸ್ಟರಮ್ಮನ ಕೋಣೆಗೆ ಹೋದೆ. "ವರ್ಷದ ಪರೀಕ್ಷೆಗೆ ಇನ್ನೂ ಟೈಮಿದೆಯಲ್ಲ ಮೇಸ್ತ್ರಿಗಳೇ?" ಎಂದರು. ಉತ್ತರ ಕೊಟ್ಟರೆ ಧೈರ್ಯ ಕರಗುತ್ತದೆ ಎಂದು ಸೀದಾ ಒಳಗೆ ಹೋಗಿ, ಕುರ್ಚಿ ಎತ್ತಿ ಗೋಡೆಗೆ ಮುಖ ಮಾಡಿ ಹಾಕಿ ಕೂತೆ. ಗೋಡೆಯ ಮೇಲೆ ಒಂದು ಬಿರುಕಿತ್ತು. ಹದಿನಾಲ್ಕು ವರ್ಷ ಬಂದು ಹೋದರೂ ಅದನ್ನು ನಾನು ನೋಡಿಯೇ ಇರಲಿಲ್ಲ. ಬಿರುಕನ್ನೇ ನೋಡುತ್ತಾ ಕೂತಿದ್ದೆ. ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಸಿಸ್ಟರಮ್ಮನ ಕಣ್ಣಲ್ಲಿ ನೀರು. ತುಟಿಯ ಗುಟ್ಟು ಹೇಳಿದೆ. "ಥೂ ನಿಮ್ಮ! ನಾನು ಇಷ್ಟು ವರ್ಷ, ಪಾಪ ಎಷ್ಟು ಭಕ್ತಿಯಿಂದ ನೋಡ್ತಾರೆ ಅಂದ್ಕೊಂಡಿದ್ದೆ" ಎಂದು ಅಳುತ್ತಲೇ ನಕ್ಕರು. ನಾನೂ ನಕ್ಕೆ. ಮನಸ್ಸಿನಿಂದ ಒಂದು ಮೂಟೆ ಇಳಿದ ಹಾಗಾಯಿತು.

ಮಗ್ಗದ ವಿಭಾಗದ ಸಾಹೇಬರು ಕರೆಸಿದರು. ಮಡಿಸುವ ಕೋಣೆಗೆ ತಯಾರಾಗಿಯೇ ಹೋಗಿದ್ದೆ. ಅವರು ಕೇಳಿದ್ದು ಒಂದೇ: "ಕಿವಿ ಕೇಳದೆ ಇಷ್ಟು ವರ್ಷ ರಿಪೇರಿ ಮಾಡಿದ್ದು ಹೇಗೆ?" ಅಂಗೈ ತೋರಿಸಿದೆ. ಎರಡು ಮಗ್ಗಕ್ಕೆ ನನ್ನನ್ನು ಬೆನ್ನು ಮಾಡಿ ನಿಲ್ಲಿಸಿ, ಒಂದರ ಲಾಳಿ ಸಡಿಲ ಮಾಡಿಸಿ ಪರೀಕ್ಷೆ ಬೇರೆ ಮಾಡಿದರು. ಕೈ ಹಿಂದಕ್ಕೆ ಚಾಚಿ ಚೌಕಟ್ಟು ಮುಟ್ಟಿ ಹೇಳಿದೆ, ಸರಿಯಾಯಿತು. ಇನ್ನು ಎಂಟು ತಿಂಗಳು ಹೊಸಬರಿಗೆ ಅದನ್ನೇ ಕಲಿಸಬೇಕಂತೆ. ಸ್ಟೂಲು ತಪ್ಪಿತು! ಶೆಡ್ಡಿನೊಳಗೆ ದಿನಕ್ಕೆ ಎರಡು ಗಂಟೆ ಮಾತ್ರ, ಅದೂ ಕಿವಿ ಮುಚ್ಚಿಕೊಂಡು. ಕಿವಿ ಮಿಷನ್ನಿಗೆ ಅಳತೆ ಕೊಟ್ಟು ಬಂದಿದ್ದೇನೆ, ಮೂರು ವಾರವಾಗುತ್ತದಂತೆ.

ನಿಮ್ಮ ಗುಡುಗಪ್ಪ ಮಾತಿಗೆ ತಪ್ಪಿದರೆ ನಾನೇ ಬರುತ್ತೇನೆ ಎಂದು ಹೇಳು.

ಅಪ್ಪ


ಸೆಪ್ಟೆಂಬರ್ ೧೬

ಅಪ್ಪನಿಗೆ,

ನಿಮ್ಮ ಕಾಗದವನ್ನು ಟೀ ಹೊತ್ತಿನಲ್ಲಿ ಬೆಂಚಿನ ಮೇಲೆ ನಿಂತು ಓದಿದೆ. ಚಪ್ಪಾಳೆ ಬಿತ್ತು. ಗುಡುಗಪ್ಪನವರು ಮಾತಿಗೆ ತಪ್ಪಲಿಲ್ಲ. ಮಿಷನ್ ಹಾಕಿಕೊಂಡು ಮೊದಲ ಸಲ ಬಾಯಿ ಬಿಟ್ಟವರು ತಾವೇ ಬೆಚ್ಚಿಬಿದ್ದು, "ನಾನು ಹೀಗಾ ಕಿರಿಚೋದು? ನೀವೆಲ್ಲ ಹೇಗಪ್ಪಾ ಸಹಿಸ್ಕೊಂಡ್ರಿ?" ಎಂದರು. ಈಗ ಎಷ್ಟು ಮೆತ್ತಗೆ ಮಾತಾಡುತ್ತಾರೆ ಎಂದರೆ, ಉಳಿದವರು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕು. ಅವರ ಹಿಂದೆ ಇನ್ನೂ ಹತ್ತೊಂಬತ್ತು ಜನ ಹೆಸರು ಕೊಟ್ಟಿದ್ದಾರೆ. ರಬ್ಬರು ಬಂತು, ಕವಚ ಬಂತು. ನಿನ್ನೆ ನನ್ನ ಕೆಲಸವೂ ಖಾಯಂ ಆಯಿತು. "ತಪ್ಪು ಮಾಡಿದ್ದಕ್ಕಲ್ಲ, ಬಂದು ಹೇಳಿದ್ದಕ್ಕೆ" ಎಂದರು ಮ್ಯಾನೇಜರು.

ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ನಿಮ್ಮ ಮಿಷನ್ ಬಂದಿದೆ ಎಂದು ಅಮ್ಮ ಹೇಳಿದಳು. ಭಾನುವಾರ ನೀವೇ ಫೋನ್ ಎತ್ತಿ ಹಲೋ ಎಂದಿರಿ. "ಅಪ್ಪಾ, ಕೇಳ್ತಿದೆಯಾ?" ಎಂದೆ. ನೀವು ಏನೂ ಹೇಳಲಿಲ್ಲ. ಮತ್ತೆ ಕೂಗಿದೆ. ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಅಮ್ಮ ತೆಗೆದುಕೊಂಡು, "ಅವರು ಹಿತ್ತಲಿಗೆ ಹೋದ್ರು ಕಣೇ" ಎಂದಳು. ಮಿಷನ್ನಿನಿಂದ ಪ್ರಯೋಜನ ಆಗಲಿಲ್ಲವೇ ಅಪ್ಪ? ತಡ ಮಾಡಿಬಿಟ್ಟೆವೇ? ನಿಜ ಬರೆಯಿರಿ. ಬೇರೆ ಡಾಕ್ಟರನ್ನು ವಿಚಾರಿಸಿದ್ದೇನೆ, ನಾಳೆಯೇ ಬೇಕಾದರೂ ರಜೆ ಹಾಕಿ ಬರುತ್ತೇನೆ.

ಚೂಟಿ


ಸೆಪ್ಟೆಂಬರ್ ೨೦

ಚೂಟಿಗೆ,

ರಜೆ ಹಾಕಬೇಡ. ಮಿಷನ್ ಕೆಲಸ ಮಾಡುತ್ತಿದೆ. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಮಾಡುತ್ತಿದೆ. ನಲ್ಲಿ ಸೋರುವುದು ಕೇಳುತ್ತದೆ, ನನ್ನ ಚಪ್ಪಲಿ ಕಿರುಗುಟ್ಟುವುದು ಕೇಳುತ್ತದೆ. ನಿಮ್ಮಮ್ಮ ಇಷ್ಟು ವರ್ಷವೂ ನನ್ನ ಬೆನ್ನ ಹಿಂದೆ ಧಾರಾಳವಾಗಿ ಗೊಣಗುತ್ತಿದ್ದಳು ಎಂಬುದೂ ಬೆಳಕಿಗೆ ಬಂದಿದೆ. ಮೊನ್ನೆ ಅಡುಗೆಮನೆಯಿಂದ "ಮೇಸ್ತ್ರಿಯಂತೆ ಮೇಸ್ತ್ರಿ, ಒಂದು ಮೊಳೆ ಹೊಡೆಯೋಕಾಗಲ್ಲ" ಎಂದಳು. ಹೋಗಿ ಮೊಳೆ ಹೊಡೆದು ಬಂದೆ. ಅವಳು ಕಕ್ಕಾಬಿಕ್ಕಿ.

ಭಾನುವಾರದ ವಿಷಯ. ಹದಿನಾಲ್ಕು ವರ್ಷದಿಂದ ನಾನು ನಿನ್ನ ಮಾತನ್ನು ತುಟಿಯ ಮೇಲೆ ಓದುತ್ತಿದ್ದೆನಲ್ಲ, ಅದಕ್ಕೆ ದನಿ ಇರಲಿಲ್ಲ. ಆ ಜಾಗದಲ್ಲಿ ನೀನು ಹನ್ನೆರಡು ವರ್ಷದವಳಿದ್ದಾಗ ನನಗೆ ಕೊನೆಯ ಸಲ ಕೇಳಿದ ಕೀಚಲು ದನಿಯನ್ನೇ ತುಂಬಿಕೊಳ್ಳುತ್ತಿದ್ದೆ. ನೀನು ನರ್ಸಾದೆ, ದೊಡ್ಡ ದೊಡ್ಡ ಮಾತಾಡಿದೆ, ಎಲ್ಲವನ್ನೂ ನನಗೆ ಆ ಹುಡುಗಿಯೇ ಹೇಳುತ್ತಿದ್ದಳು. ಭಾನುವಾರ ಫೋನ್ ಎತ್ತಿದರೆ ಯಾರೋ ದೊಡ್ಡ ಹೆಣ್ಣುಮಗಳು, ತುಂಬಿದ ದನಿಯಲ್ಲಿ, ನನ್ನನ್ನು ಅಪ್ಪಾ ಎಂದಳು. ಯಾರಮ್ಮಾ ನೀನು ಎಂದು ಕೇಳುವವನಿದ್ದೆ. ಅಷ್ಟರಲ್ಲಿ ನೀನು ಮತ್ತೆ ಅಪ್ಪಾ ಎಂದೆ. ನನ್ನ ಮಗಳ ದನಿ ಇದು ಎಂದು ಆಗ ಗೊತ್ತಾಯಿತು. ಮಾತು ಹೊರಡಲಿಲ್ಲ. ನಿಮ್ಮಮ್ಮನ ಮುಂದೆ ಅಳುವುದೇಕೆ ಎಂದು ಹಿತ್ತಲಿಗೆ ಹೋದೆ. ಇಷ್ಟು ಒಳ್ಳೆಯ ದನಿ ಎಂದು ಯಾರೂ ನನಗೆ ಹೇಳಲೇ ಇಲ್ಲ ನೋಡು.

ಈ ಭಾನುವಾರ ಏಳು ಗಂಟೆಗೆ ಫೋನ್ ಮಾಡು. ನಾನೇ ಎತ್ತುತ್ತೇನೆ. ನಾನು ಸುಮ್ಮನಿದ್ದರೆ ಗಾಬರಿಯಾಗಬೇಡ, ಫೋನ್ ಇಡಬೇಡ, ಮಾತಾಡುತ್ತಾ ಇರು. ಹೇಳಲು ಏನೂ ಇಲ್ಲದಿದ್ದರೆ ಎರಡರ ಮಗ್ಗಿ ಹೇಳು. ನನಗೆ ಹದಿನಾಲ್ಕು ವರ್ಷದ್ದು ಕೇಳುವುದಿದೆ.

ಅಪ್ಪ